ಷರಾ

ಅರ್ಜಿಯೊಳಗ ಒಂದು ಖಾನೆ ಇತ್ತು: ನಿಮ್ಮ ಪರಿಣತಿ.
ನನ್ನ ಮುಂದಿನ ವಕೀಲರು ‘ಸಾರ್ವಜನಿಕ ಆಡಳಿತ’ ಅಂತ ಬರದ್ರು.
ಅವರ ಪೆನ್ನೇ ಇಸ್ಕೊಂಡು ನಾ ಬರದೆ: ಅಳತಿ.
ಇಪ್ಪತ್ತೆರಡು ವರ್ಷದಿಂದ ಶಹಾಬಜಾರದಾಗ
ಕುಪ್ಪಸ ಹೊಲಿಯಾಕಿ,
ಮತ್ತೇನು ಬರೀಲಿ.

ನಾಗರಿಕ ವೇದಿಕಿಯ ನೀತಿ ಅಧ್ಯಯನ ಸಮಿತಿ.
ಹೆಸರು ಉದ್ದ, ಕುರ್ಚಿ ಏಳು, ಫ್ಯಾನು ಒಂದು.
ಸಿಮೆಂಟ್ ಕಂಪನಿ ಬಿಟ್ಟ ಗುರುಪಾದಪ್ಪ ಹೂಗಾರರು ಅಧ್ಯಕ್ಷರು,
ಖಮರುನ್ನಿಸಾ ಟೀಚರದು ಬರವಣಿಗಿ.
ವಿಷಯ: ನಗರದ ಬಸ್ ನಿಲ್ದಾಣಗಳಲ್ಲಿ ನೆರಳಿನ ಲಭ್ಯತೆ.
ಲಭ್ಯತೆ ಅಂದ್ರೇನ್ರಿ ಅಂತ ಕೇಳ್ದೆ.
‘ಸಿಗತದೋ ಇಲ್ಲೋ’ ಅಂದ್ರು ಟೀಚರು.
ಇಷ್ಟೇ ಆದ್ರ ಇಷ್ಟೇ ಬರೀಬೇಕಿತ್ತಲ್ಲ
ಅನಕೊಂಡೆ, ಅನ್ನಲಿಲ್ಲ.
ಮೊದಲ ದಿನ ನೋಡ್ರಿ.

ನನ್ನ ಪಾಲಿಗೆ ಹದಿನಾಲ್ಕು ಸ್ಟಾಪು,
ಆಳಂದ ನಾಕಾದಿಂದ ಹೈಕೋರ್ಟಿನ ದಾರಿತನ.
ಮೇ ತಿಂಗಳು. ಹನ್ನೆರಡರಿಂದ ಮೂರು.
ಕೊರಳಾಗ ಟೇಪು, ಚೀಲದಾಗ ಫಾರ್ಮು,
ಗುರುತಿಗೆ ಅಂಗಡಿಯ ನೀಲಿ ಚಾಕಿನ ಬಿಲ್ಲೆ.
ಬಟ್ಟಿ ಮ್ಯಾಲ ಎಳಿಯೋ ಗೆರಿ
ಶಹಾಬಾದಿ ಪರಸಿ ಮ್ಯಾಲ ಎಳದೆ.
ಮೊಣಕಾಲು ಊರಿದಲ್ಲೇ ಚುರ್ ಅಂದವು.

ಮನುಷ್ಯಾರಾದ್ರ ಅಳತಿಗೆ ಉಸಿರು ಹಿಡದು ನಿಲ್ತಾರ.
ನೆರಳು ನಿಲ್ಲಂಗಿಲ್ಲ.
ಟೇಪಿನ ಈ ತುದಿ ಒತ್ತಿ ಹಿಡಿಯೋದ್ರಾಗ
ಆ ತುದಿಯಾಗ ಬಿಸಿಲು ಬಂದು ಕೂತಿರತದ.

ಫಾರ್ಮಿನ್ಯಾಗ ಮೂರೇ ಮನಿ: ಛಾವಣಿ. ಮರ. ಇಲ್ಲ.
ಒಂಬತ್ತನೇ ಸ್ಟಾಪಿನ್ಯಾಗ ಪೆನ್ನು ನಿಂತು ಬಿಡ್ತು.
ಛಾವಣಿ ಇಲ್ಲ, ತಗಡು ಯಾರೋ ಒಯ್ದಾರ.
ಮರ ಇಲ್ಲ, ರಸ್ತೆ ಅಗಲ ಆಗ್ಯದ.
ಆದ್ರೂ ಮಂದಿ ನೆರಳಿನ್ಯಾಗೇ ನಿಂತಿದ್ರು.

ಲೈಟಿನ ಕಂಬ.
ಹನ್ನೆರಡಕ್ಕ ತನ್ನ ನೆರಳು ತಾನೇ ನುಂಗಿ ನಿಂತಿದ್ದು
ಪೌಣೇ ಮೂರಕ್ಕ ಹತ್ತಿಂಚು ಬಿಚ್ಚಿತ್ತು,
ಸೀರಿ ಅಂಚಿನಷ್ಟು.
ಅದರಾಗ ಒಬ್ಬರ ಹಿಂದ ಒಬ್ಬರು, ಆರು ಮಂದಿ.
ಮುಂದ ಡಯಾಲಿಸಿಸ್‌ಗೆ ಹೊಂಟ ಮುದುಕ.
ಆತನ ಬೆನ್ನಿಗೆ, ಕೂಸಿನ ತಲಿ ಅಷ್ಟೇ ಒಳಗ ಇಟ್ಟು
ತಾ ಹೊರಗ ಉಳದಾಕಿ.
ಕಡೀ ಹುಡುಗಗ ಮೊಣಕಾಲತನ ಮಾತ್ರ ತಂಪು.
ನೆರಳು ಸರದಂಗ ಸಾಲೂ ಸರೀತಿತ್ತು,
ಸರೀರಿ ಅಂತ ಯಾರೂ ಅಂದಿರಲಿಲ್ಲ.

‘ಇಲ್ಲ’ ಅಂತ ಬರದ್ರ ಆ ಆರು ಮಂದಿ ಸುಳ್ಳು.
‘ಅದ’ ಅಂತ ಬರದ್ರ ನಾ ಸುಳ್ಳು.
ಬಲಕ್ಕ ಒಂದು ಸಣ್ಣ ಖಾನೆ ಉಳದಿತ್ತು, ಷರಾ.
ಅಲ್ಲಿ ಬರದೆ:
ಕಂಬ. ೧೦ ಇಂಚು. ೬ ಮಂದಿ.

ಜೂನಿನ ಮೊದಲ ಐತವಾರ ಕರಡು ಓದಿದ್ರು.
ಹೂಗಾರರು ಕನ್ನಡಕ ಏರಿಸಿ,
‘ಈ ಹದಿನಾಲ್ಕು ನಿಲ್ದಾಣಕ್ಕೆ
ಸರಾಸರಿ ನೆರಳು ಮೂವತ್ತೊಂದು ಚದರಡಿ.’
ಛಲೋ ಮನಷ್ಯಾ. ಲೆಕ್ಕದಾಗ ತಪ್ಪಿಲ್ಲ.
ಕೋರ್ಟ್ ಮುಂದಿನ ಬೇವಿನ ಮರ ಒಂದೇ ನಾಕನೂರು ಕೊಟ್ಟದ.

ನಾ ಎದ್ದೆ. ಟೇಪು ಅಂಗಡ್ಯಾಗ ಉಳದಿತ್ತು,
ಸೆರಗಿನ ತುದೀನೇ ಬೆರಳಿಗೆ ಸುತ್ತಕೋತ,
‘ಸರ್, ಹದಿನಾಲ್ಕು ಹೆಣ್ಮಕ್ಕಳ ಅಳತಿ ಕೂಡಿಸಿ, ಭಾಗಿಸಿ
ಎಲ್ಲಾರಿಗೂ ಒಂದೇ ಕುಪ್ಪಸ ಹೊಲದ್ರ
ಒಬ್ಬಾಕಿಗೂ ಹುಕ್ಕು ಹತ್ತಂಗಿಲ್ರಿ.’

ಫ್ಯಾನು ತಿರಗತಿತ್ತು. ಆಮ್ಯಾಲೆ ವಕೀಲರು ನಕ್ಕರು.
ಟೀಚರು ನಗಲಿಲ್ಲ.
ನನ್ನ ಫಾರ್ಮು ತಮ್ಮ ಕಡೆ ಎಳಕೊಂಡು
ಷರಾದ ಮ್ಯಾಲ ಇಟ್ಟ ಬೆರಳು
ಭಾಳ ಹೊತ್ತು ತಗೀಲಿಲ್ಲ.

ವರದಿ ಪಾಲಿಕೆಗೆ ಹೋತು, ಸ್ವೀಕೃತಿಯ ಠಸ್ಸೆ ಬಿತ್ತು.
ಮೂವತ್ತೊಂದು ಚದರಡಿ ಮೊದಲ ಪುಟದಾಗ ಹಂಗೇ ಅದ.
ನನ್ನ ಕಂಬ ಅನುಬಂಧ ಮೂರರಾಗ,
ಸಣ್ಣಕ್ಷರದಾಗ.
ಅದ.

ಮೊನ್ನೆ ಅದೇ ಸ್ಟಾಪಿನ್ಯಾಗ ನಿಂತಿದ್ದೆ.
ಮಳಿ ಇನ್ನೂ ಹತ್ತಿಲ್ಲ,
ನೀಲಿ ಗೆರಿ ಅರ್ಧ ಅಳಿಸಿ ಅರ್ಧ ಉಳದಿತ್ತು.
‘ಇದ್ಯಾಕ ಹಾಕ್ಯಾರಬೇ?’ ಅಂದ್ಲು ಒಬ್ಬಾಕಿ,
ಗಿರಣಿ ಹಿಟ್ಟಿನ ಡಬ್ಬಿ ಬಗಲಾಗ.
‘ಪೈಪಿಗೆ ಅಗೀತಾರ’ ಅಂದ ಹಿಂದಿನಾವ, ಭಾಳ ಖಾತ್ರಿಲೆ.
ನಾ ಏನೂ ಹೇಳಲಿಲ್ಲ.
ಆಕೀ ಒಳಗ ಬರಲಿ ಅಂತ
ಒಂದು ಹೆಜ್ಜಿ ಹಿಂದ ಸರದೆ.